ಊರನ್ನು ಸೀಳಿದ ಹೆದ್ದಾರಿ: ದಾಟುವ ಕ್ರಮ ಮತ್ತು ದಾಟುವ ಜಾಗವನ್ನು ಸರಿಪಡಿಸಿಕೊಳ್ಳುವ ಕ್ರಮ

ತುಮಕೂರಿನಿಂದ ಬೆಳಗಾವಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗುವಾಗ ಊರುಗಳ ಮಗ್ಗುಲಲ್ಲಿ ಡಿವೈಡರಿನ ಕಬ್ಬಿಣದ ಬೇಲಿಯನ್ನು ಗಮನಿಸಿ ನೋಡಿದರೆ, ಅಲ್ಲಲ್ಲಿ ಒಂದೆರಡು ಸರಳುಗಳು ಬಾಗಿರುವುದೂ ಅದರ ಬುಡದಲ್ಲಿ ಹುಲ್ಲು ಸವೆದು ಕಾಲುದಾರಿ ಮೂಡಿರುವುದೂ ಕಾಣುತ್ತದೆ. ಕಾರಿನಲ್ಲಿ ಕುಳಿತವರಿಗೆ ಅದು ಜನರ ಅಶಿಸ್ತಿನ ಗುರುತು. ಬೇಲಿಯ ಬಳಿ ಅರ್ಧ ಗಂಟೆ ನಿಂತು ನೋಡಿದವರಿಗೆ ಕಾಣುವುದು ಬೇರೆ: ರಸ್ತೆಯ ಒಂದು ಕಡೆ ಊರು, ಇನ್ನೊಂದು ಕಡೆ ಹೊಲ, ಶಾಲೆ, ಹಾಲಿನ ಡೇರಿ; ಅಂಡರ್‌ಪಾಸ್ ಇರುವುದು ಒಂದು ಕಿಲೋಮೀಟರ್ ಆಚೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಆ ಒಂದು ಕಿಲೋಮೀಟರ್ ಹೋಗಿ, ಮತ್ತೆ ಒಂದು ಕಿಲೋಮೀಟರ್ ಹಿಂತಿರುಗಿ ಬರುವುದಿಲ್ಲ. ಬರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ ಶೇ 92ರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಆದರೆ ಜಗತ್ತಿನ ವಾಹನಗಳಲ್ಲಿ ಈ ದೇಶಗಳ ಪಾಲು ಸುಮಾರು ಶೇ 60 ಮಾತ್ರ. ಸತ್ತವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಭಾರತದಲ್ಲಿ 2022ರಲ್ಲಿ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡ 1,68,491 ಜನರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳೇ ಆಗಿದ್ದರು. ಬೇರೆ ಖಂಡಗಳಲ್ಲಿ ಪ್ರಯೋಗಿಸಿ ಫಲ ಕಂಡ ಕ್ರಮಗಳನ್ನೂ ನಮ್ಮಲ್ಲಿ ಜಾರಿಯಲ್ಲಿರುವ ಕಾನೂನುಗಳನ್ನೂ ಜೋಡಿಸಿಕೊಂಡರೆ ಒಂದು ಊರಿನವರೇ ಸೇರಿ ತಮ್ಮ ರಸ್ತೆಯನ್ನು ಬಹಳಷ್ಟು ಸುಧಾರಿಸಿಕೊಳ್ಳಬಹುದು. ಆ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ರಸ್ತೆಯನ್ನಾದರೋ ಇವತ್ತು ಸಂಜೆಯೇ ದಾಟಬೇಕು. ಆದ್ದರಿಂದ ದಾಟುವ ಕ್ರಮದಿಂದಲೇ ಆರಂಭಿಸುತ್ತೇನೆ.

ಹೆಜ್ಜೆ 1: ನಿಮ್ಮ ದಾಟುವ ಸಮಯವನ್ನು ಅಳೆಯಿರಿ

ದೂರದಿಂದ ಬರುವ ವಾಹನದ ವೇಗವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಮನುಷ್ಯನಿಗೆ ಬಹಳ ಕಷ್ಟ. ನೇರವಾಗಿ ನಮ್ಮ ಕಡೆಗೇ ಬರುವ ವಸ್ತು ದೂರದಲ್ಲಿದ್ದಾಗ ನಿಂತಂತೆಯೇ ಕಾಣುತ್ತದೆ. ಅದು ಥಟ್ಟನೆ ದೊಡ್ಡದಾಗತೊಡಗುವ ಹೊತ್ತಿಗೆ ನಾವು ನಡುರಸ್ತೆಯಲ್ಲಿರುತ್ತೇವೆ. ಆದ್ದರಿಂದ ಅಂದಾಜನ್ನು ಬಿಟ್ಟು ಎಣಿಕೆಯನ್ನು ಹಿಡಿಯಬೇಕು.

ನಾಲ್ಕು ಪಥದ ಹೆದ್ದಾರಿಯಲ್ಲಿ ಡಿವೈಡರಿನವರೆಗಿನ ಒಂದು ಬದಿ, ಅಂಚಿನ ಡಾಂಬರು ಪಟ್ಟಿಯೂ ಸೇರಿ, ಸುಮಾರು 9 ಮೀಟರ್ ಇರುತ್ತದೆ. ಅಷ್ಟೇ ದೂರವನ್ನು ಮನೆಯ ಮುಂದೆ ಅಳೆದು, ಓಡದೆ, ಎಂದಿನ ನಡಿಗೆಯಲ್ಲಿ ನಡೆದು ಮೊಬೈಲಿನಲ್ಲಿ ಸಮಯ ನೋಡಿ. ಆರೋಗ್ಯವಂತ ವಯಸ್ಕರಿಗೆ ಏಳೂವರೆ ಸೆಕೆಂಡ್ ಹಿಡಿಯುತ್ತದೆ. ಮಂಡಿನೋವಿನ ಹಿರಿಯರಿಗೆ 11 ಸೆಕೆಂಡ್ ಬೇಕಾಗುತ್ತದೆ. ಎಡವಿದರೆ, ಚಪ್ಪಲಿ ಕಳಚಿದರೆ ಎಂದು 3 ಸೆಕೆಂಡ್ ಸೇರಿಸಿ. ಈಗ ಲೆಕ್ಕ ನೋಡಿ: ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಅಂದರೆ ಗಟ್ಟಿಮುಟ್ಟಾದವರಿಗೆ ಸುಮಾರು 235 ಮೀಟರ್, ಹಿರಿಯರಿಗೆ ಸುಮಾರು 310 ಮೀಟರ್ ರಸ್ತೆ ಖಾಲಿ ಇರಬೇಕು. ನಾವು ಸಾಮಾನ್ಯವಾಗಿ ‘ಸಾಕು, ದೂರ ಇದೆ’ ಎಂದುಕೊಂಡು ಹೆಜ್ಜೆಯಿಡುವುದು ಇದರ ಅರ್ಧದಷ್ಟು ದೂರದಲ್ಲಿ.

ಹೆಜ್ಜೆ 2: ಒಂದು ಗುರುತಿನ ಮರವನ್ನು ಗೊತ್ತುಮಾಡಿಕೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀವು ದಿನವೂ ದಾಟುವ ಜಾಗದಲ್ಲಿ, ರಸ್ತೆಯಿಂದ ಹಿಂದೆ ಸರಿದು ನಿಂತು, ವಾಹನ ಬರುವ ಕಡೆ ದೂರದಲ್ಲಿರುವ ಒಂದು ಗುರುತನ್ನು ಆರಿಸಿಕೊಳ್ಳಿ. ಹುಣಸೆಮರವಾಗಬಹುದು, ಕಿಲೋಮೀಟರ್ ಕಲ್ಲಾಗಬಹುದು, ಪೆಟ್ರೋಲ್ ಬಂಕಿನ ಫಲಕವಾಗಬಹುದು. ವೇಗವಾಗಿ ಬರುವ ಹತ್ತು ವಾಹನಗಳನ್ನು ಆಯ್ದು, ಆ ಗುರುತನ್ನು ದಾಟಿದ ಕ್ಷಣದಿಂದ ನಿಮ್ಮ ಮುಂದೆ ಹಾಯುವವರೆಗೆ ಎಷ್ಟು ಸೆಕೆಂಡ್ ಎಂದು ಎಣಿಸಿ. ಅತಿ ವೇಗದ ವಾಹನಕ್ಕೆ ಹಿಡಿದ ಸಮಯ ನಿಮ್ಮ ದಾಟುವ ಸಮಯಕ್ಕೆ 3 ಸೆಕೆಂಡ್ ಸೇರಿಸಿದ ಮೊತ್ತಕ್ಕಿಂತ ಹೆಚ್ಚಿದ್ದರೆ ಅದೇ ನಿಮ್ಮ ಮರ. ಕಡಿಮೆ ಇದ್ದರೆ ಇನ್ನೂ ದೂರದ ಗುರುತನ್ನು ಹುಡುಕಿ. ಆಮೇಲೆ ನಿಯಮ ಇಷ್ಟೇ: ಮರದಿಂದ ಈಚೆಗೆ ಒಂದೂ ವಾಹನವಿಲ್ಲದಾಗ ಮಾತ್ರ ಕಾಲು ಕೆಳಗಿಡಬೇಕು.

ನಮ್ಮ ಮನೆಯ ದೊಡ್ಡಮ್ಮನಿಗೆ ಇದನ್ನು ಕಲಿಸಿದಾಗ ಅವರಿಗೆ ಮೀಟರೂ ಬೇಕಾಗಲಿಲ್ಲ, ಸೆಕೆಂಡೂ ಬೇಕಾಗಲಿಲ್ಲ. ‘ಬೇವಿನ ಮರದಿಂದ ಈಚೆ ಗಾಡಿ ಇದ್ದರೆ ನಿಲ್ಲುವುದು’ ಎಂಬ ಒಂದೇ ಮಾತು ಸಾಕಾಯಿತು. ಅವರು ಹಾಲಿನ ಕ್ಯಾನನ್ನು ನೆಲಕ್ಕಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರವನ್ನೇ ನೋಡುತ್ತ ನಿಲ್ಲುತ್ತಿದ್ದರು. ಮರದ ಬುಡ ಖಾಲಿಯಾದಾಗ ಕ್ಯಾನನ್ನು ಎತ್ತಿಕೊಳ್ಳುತ್ತಿದ್ದರು. ಎತ್ತಿಕೊಳ್ಳಲೂ ಎರಡು ಸೆಕೆಂಡ್ ಹಿಡಿಯುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಹೊರೆ ಇರುವವರು ಅದನ್ನೂ ಸೇರಿಸಿಕೊಳ್ಳಬೇಕು.

ಅಂಥ ಗುರುತೇ ಸಿಗದಿದ್ದರೆ, ಅಂದರೆ ತಿರುವು ಅಥವಾ ಏರು ಅಡ್ಡ ಬಂದು ಅಷ್ಟು ದೂರ ಕಾಣದಿದ್ದರೆ, ಆ ಜಾಗದಲ್ಲಿ ಯಾರೂ ದಾಟಬಾರದು. ನೂರು ಹೆಜ್ಜೆ ಆಚೆ ಹೋದರೆ ನೋಟ ತೆರೆಯಬಹುದು. ಆ ನೂರು ಹೆಜ್ಜೆಯನ್ನು ನಡೆಯಲೇಬೇಕು.

ಹೆಜ್ಜೆ 3: ಅರ್ಧರ್ಧವಾಗಿ ದಾಟಿ

ಡಿವೈಡರ್ ಇರುವ ರಸ್ತೆಯನ್ನು ಒಂದೇ ರಸ್ತೆಯೆಂದು ಎಣಿಸದೆ ಎರಡು ರಸ್ತೆಗಳೆಂದು ಎಣಿಸಬೇಕು. ಮೊದಲರ್ಧ ಮುಗಿಸಿ ಡಿವೈಡರಿನ ಮೇಲೆ ಪೂರ್ಣವಾಗಿ ನಿಂತು, ಉಸಿರು ತೆಗೆದುಕೊಂಡು, ಇನ್ನೊಂದು ದಿಕ್ಕಿನ ಗುರುತನ್ನು ಹೊಸದಾಗಿ ನೋಡಬೇಕು. ಅದೇ ಓಟದಲ್ಲಿ ಎರಡನೆಯ ಅರ್ಧಕ್ಕೂ ನುಗ್ಗುವುದು ಅತ್ಯಂತ ಅಪಾಯಕಾರಿ ಅಭ್ಯಾಸ, ಏಕೆಂದರೆ ಆ ಹೊತ್ತಿಗೆ ಕಣ್ಣು ಇನ್ನೂ ಮೊದಲ ದಿಕ್ಕಿನಲ್ಲೇ ಇರುತ್ತದೆ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಮೊದಲರ್ಧಕ್ಕೆ ಬಲಗಡೆ, ಎರಡನೆಯ ಅರ್ಧಕ್ಕೆ ಎಡಗಡೆ ಮುಖ್ಯವಾಗಿ ನೋಡಬೇಕು. ಆದರೂ ಎರಡೂ ಬಾರಿ ಉಳಿದ ದಿಕ್ಕಿಗೆ ಒಮ್ಮೆ ಕಣ್ಣು ಹಾಯಿಸದೆ ಹೊರಡಬೇಡಿ. ಯು-ಟರ್ನ್ ದೂರವಿರುವ ಕಡೆಗಳಲ್ಲೆಲ್ಲ ಬೈಕುಗಳು ಅಂಚಿನಲ್ಲಿ ವಿರುದ್ಧ ದಿಕ್ಕಿನಲ್ಲಿ ಬರುತ್ತವೆ.

ಬಸ್ಸಿನಿಂದ ಇಳಿದ ಕೂಡಲೇ ಅದರ ಮುಂದಿನಿಂದ ದಾಟಬಾರದು. ಬಸ್ಸಿನ ಮೂತಿ ನಿಮ್ಮನ್ನು ಮರೆಮಾಡುತ್ತದೆ. ಅದನ್ನು ಹಿಂದಿಕ್ಕಿ ಬರುವ ಲಾರಿಯ ಚಾಲಕನಿಗೆ ನೀವು ಕಾಣುವುದು ಕೊನೆಯ ಗಳಿಗೆಯಲ್ಲಿ. ಬಸ್ಸು ಹೊರಟು ದೂರ ಹೋಗುವವರೆಗೆ ಕಾಯುವುದೇ ಸರಿ. ಒಬ್ಬ ಚಾಲಕ ದಯೆಯಿಂದ ನಿಂತು ಕೈಸನ್ನೆ ಮಾಡಿದಾಗಲೂ ಇದೇ ಅಪಾಯವಿದೆ. ನಿಂತ ವಾಹನದ ಅಂಚಿನಲ್ಲಿ ನೀವೂ ಒಮ್ಮೆ ನಿಂತು, ಪಕ್ಕದ ಪಥದಲ್ಲಿ ಇನ್ನೊಂದು ವಾಹನ ಬರುತ್ತಿಲ್ಲವೆಂದು ಇಣುಕಿ ನೋಡಿದ ಮೇಲೆಯೇ ಮುಂದುವರಿಯಬೇಕು.

ಕೈ ಎತ್ತಿ ವಾಹನ ನಿಲ್ಲಿಸುವ ನಮ್ಮ ಪದ್ಧತಿ ಪೇಟೆಯ ಬೀದಿಗೆ ಸರಿ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ, ಚಾಲಕ ಕಂಡ ಕ್ಷಣದಿಂದ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ; 50ರ ವೇಗದ್ದು ಸುಮಾರು 28 ಮೀಟರ್ ತೆಗೆದುಕೊಳ್ಳುತ್ತದೆ; 80ರ ವೇಗದ್ದು ಒಣ ರಸ್ತೆಯಲ್ಲೂ 55ರಿಂದ 60 ಮೀಟರ್ ಕೇಳುತ್ತದೆ, ಸರಕು ತುಂಬಿದ ಲಾರಿಗೆ ಇನ್ನೂ ಹೆಚ್ಚು ಬೇಕು. ಹೆದ್ದಾರಿಯಲ್ಲಿ ಎತ್ತಿದ ಕೈಗೆ ಆ ಶಕ್ತಿಯಿಲ್ಲ.

ಕತ್ತಲಾದ ಮೇಲೆ ಈ ಲೆಕ್ಕ ಇನ್ನಷ್ಟು ಕಠೋರವಾಗುತ್ತದೆ. ಕಡು ಬಣ್ಣದ ಬಟ್ಟೆ ತೊಟ್ಟವರು ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಚಾಲಕನಿಗೆ ಗೋಚರಿಸುವುದು ಸುಮಾರು 30 ಮೀಟರಿನಲ್ಲಿ. ಅಂದರೆ 80ರ ವೇಗದಲ್ಲಿ ಬರುವವನು ಎಷ್ಟೇ ಜಾಗರೂಕನಾಗಿದ್ದರೂ ನಿಲ್ಲಿಸಲಾರ. ನಮಗೆ ಅವನ ದೀಪ ಕಾಣುತ್ತಿರುವುದರಿಂದ ಅವನಿಗೂ ನಾವು ಕಾಣುತ್ತಿದ್ದೇವೆ ಎಂದು ಭಾವಿಸುತ್ತೇವೆ. ಈ ಭ್ರಮೆ ಎಷ್ಟೋ ಜೀವಗಳನ್ನು ತೆಗೆದುಕೊಂಡಿದೆ. ಮೊಬೈಲಿನ ಟಾರ್ಚನ್ನು ವಾಹನ ಬರುವ ದಿಕ್ಕಿಗೆ, ನೆಲದ ಕಡೆಗೆ ಬಾಗಿಸಿ ಹಿಡಿದುಕೊಳ್ಳಿ. ಬಿಳಿ ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳಿ. ಲಾರಿಗಳ ಹಿಂದೆ ಅಂಟಿಸುವ ಹೊಳೆಯುವ ಪಟ್ಟಿಯನ್ನು ಆಟೊಮೊಬೈಲ್ ಅಂಗಡಿಯಿಂದ ತಂದು ಮಕ್ಕಳ ಬ್ಯಾಗಿಗೂ ಊರುಗೋಲಿಗೂ ಹೊಲಿಯಿರಿ ಅಥವಾ ಅಂಟಿಸಿ. ಫುಟ್‌ಪಾತ್ ಇಲ್ಲದ ರಸ್ತೆಯ ಉದ್ದಕ್ಕೂ ನಡೆಯುವಾಗ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರಂತೆ ಸಾಗಿ.

ಹೆಜ್ಜೆ 4: ಮಕ್ಕಳನ್ನು ಉಪದೇಶಕ್ಕೆ ಒಪ್ಪಿಸಬೇಡಿ

ಹತ್ತು ವರ್ಷದೊಳಗಿನ ಮಗು ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಳೆಯಲಾರದು. ಅದು ಬುದ್ಧಿವಂತಿಕೆಯ ಕೊರತೆಯಲ್ಲ, ಬೆಳವಣಿಗೆಯ ಹಂತ. ಮೇಲಾಗಿ ನಿಂತ ಕಾರಿನ ಹಿಂದಿರುವ ಎರಡನೆಯ ತರಗತಿಯ ಮಗುವಿನ ತಲೆ ಬಾನೆಟ್ಟಿನ ಮೇಲೆ ಕಷ್ಟಪಟ್ಟು ಇಣುಕುತ್ತದೆ. ಆದ್ದರಿಂದ ಶಾಲೆಯಲ್ಲಿ ರಸ್ತೆ ನಿಯಮ ಪಾಠ ಮಾಡುವುದಷ್ಟೇ ಸಾಲದು. ರಸ್ತೆಯ ಆಚೆಯ ಮಕ್ಕಳನ್ನು ಒಂದು ಮನೆಯ ಮುಂದೆ ಸೇರಿಸಿ, ಸರದಿಯ ಮೇಲೆ ಇಬ್ಬರು ದೊಡ್ಡವರು ಜೊತೆಗಿದ್ದು ಗುಂಪಾಗಿ ದಾಟಿಸುವ ವ್ಯವಸ್ಥೆಯನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಗೊತ್ತುಪಡಿಸಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಇರಬೇಕು. ಹಿಂದಿನವರ ಕೆಲಸ ಹೆಚ್ಚು ಮುಖ್ಯ, ಏಕೆಂದರೆ ಗುಂಪಿನಿಂದ ತಪ್ಪಿ ಓಡಿ ಸೇರಿಕೊಳ್ಳಲು ಬರುವ ಮಗುವೇ ಅಪಾಯಕ್ಕೆ ಸಿಗುವುದು.

ಹೆಜ್ಜೆ 5: ಒಂದು ವಾರ ಎಣಿಸಿ

ಇಲ್ಲಿಂದ ಮುಂದೆ ರಸ್ತೆಯನ್ನೇ ಬದಲಿಸುವ ಕೆಲಸ. ನಾವು ಮೊದಲ ಬಾರಿ ಬರೆದ ಮನವಿಯಲ್ಲಿ ‘ಅಪಘಾತಗಳು ಹೆಚ್ಚುತ್ತಿದ್ದು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಿತ್ತು. ಉತ್ತರವೇ ಬರಲಿಲ್ಲ. ಎರಡನೆಯ ಮನವಿಯ ಜೊತೆ ನೂರು ಪುಟದ ನೋಟುಪುಸ್ತಕದಿಂದ ಬಿಡಿಸಿದ ಏಳು ಹಾಳೆಗಳಿದ್ದವು, ಎಂಜಿನಿಯರ್ ಸ್ಥಳಕ್ಕೆ ಬಂದರು. ಹಾಳೆಗಳಲ್ಲಿ ಇದ್ದದ್ದು ಇಷ್ಟೇ.

ದಾಟುವ ಜಾಗದ ಎರಡೂ ಕಡೆ ತಲಾ ನೂರೈವತ್ತು ಮೀಟರನ್ನು 25 ಮೀಟರಿನ ತುಂಡುಗಳಾಗಿ ಸುಣ್ಣದ ಗುರುತು ಹಾಕಿ ಗೊತ್ತುಮಾಡಿ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಮತ್ತು ಸಂಜೆ ನಾಲ್ಕರಿಂದ ಆರರವರೆಗೆ ಯಾವ ತುಂಡಿನಲ್ಲಿ ಎಷ್ಟು ಜನ ದಾಟಿದರು ಎಂದು ಗೆರೆ ಎಳೆಯುತ್ತ ಹೋಗುವುದು. ಮಕ್ಕಳು, ಹಿರಿಯರು, ಉಳಿದವರು ಎಂಬ ಮೂರು ಕಂಬಸಾಲುಗಳು ಸಾಕು. ಅಂಚಿನಲ್ಲಿ ಎಷ್ಟು ಹೊತ್ತು ಕಾದರು, ಓಡಿದರೇ, ಡಿವೈಡರಿನಲ್ಲಿ ಸಿಕ್ಕಿಕೊಂಡರೇ ಎಂಬುದನ್ನು ಪಕ್ಕದಲ್ಲಿ ಬರೆಯಬೇಕು. ವಾಹನಗಳ ವೇಗ ಅಳೆಯಲು ಯಂತ್ರ ಬೇಕಿಲ್ಲ: 100 ಮೀಟರ್ ಅಂತರದ ಎರಡು ಗುರುತುಗಳ ನಡುವೆ ಹಿಡಿದ ಸೆಕೆಂಡುಗಳಿಂದ 360ನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ನಾಲ್ಕೂವರೆ ಸೆಕೆಂಡ್ ಎಂದರೆ 80. ಇದನ್ನೆಲ್ಲ ರಸ್ತೆಯ ಅಂಚಿನಿಂದ ಸಾಕಷ್ಟು ಹಿಂದೆ ನಿಂತು, ದೊಡ್ಡವರೇ ಮಾಡಬೇಕು.

ಜೊತೆಗೆ, ಆ ತುಂಡಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ದಾಖಲಾದ ಪಾದಚಾರಿ ಅಪಘಾತಗಳ ಸಂಖ್ಯೆಯನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಪೊಲೀಸ್ ಇಲಾಖೆಯಿಂದ ಕೇಳಿ. ಶುಲ್ಕ 10 ರೂಪಾಯಿ, ಉತ್ತರದ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿದ್ದರೆ ಅದನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸಿ ಸರಿಪಡಿಸುವ ಕ್ರಮವಿದೆ. ನನ್ನ ದೃಷ್ಟಿಯಲ್ಲಿ ಈ ಅಳತೆಗೋಲು ಪಾದಚಾರಿಗಳ ಪಾಲಿಗೆ ಸಾಲದು: ಜನ ಸಾಯುವವರೆಗೆ ಅದು ಕಾಯುತ್ತದೆ, ಮತ್ತು ಹತ್ತು ಕಿಲೋಮೀಟರ್ ಉದ್ದಕ್ಕೆ ಚದುರಿದ ಸಾವುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿಯೇ ಅಪಘಾತದ ಲೆಕ್ಕದ ಜೊತೆಗೆ ದಾಟುವವರ ಲೆಕ್ಕವನ್ನೂ ನಾವೇ ಒದಗಿಸಬೇಕು.

ಹೆಜ್ಜೆ 6: ಏನನ್ನು ಕೇಳಬೇಕು, ಏನನ್ನು ಕೇಳಬಾರದು

ಎಣಿಕೆಯ ಹಾಳೆಯಲ್ಲಿ ಅತಿ ಹೆಚ್ಚು ಗೆರೆಗಳಿರುವ ತುಂಡಿನಲ್ಲೇ ದಾಟುವ ಜಾಗ ಆಗಬೇಕೆಂದು ಕೇಳಿ; ನಕ್ಷೆಯಲ್ಲಿ ಅಂದವಾಗಿ ಕಾಣುವ ಕಡೆ ಆದರೆ ಜನ ಅಲ್ಲಿಗೆ ಹೋಗುವುದಿಲ್ಲ. ಬೇಲಿಯನ್ನು ಇನ್ನಷ್ಟು ಎತ್ತರಿಸುವ ಪ್ರಸ್ತಾಪ ಬಂದರೆ, ಬದಲಿ ದಾರಿ ಸಿದ್ಧವಾಗುವವರೆಗೆ ಒಪ್ಪಬೇಡಿ. ಎತ್ತರದ ಬೇಲಿಯನ್ನು ಜನ ಹತ್ತಿ ಇಳಿಯುತ್ತಾರೆ, ಇಳಿಯುವಾಗ ಬೆನ್ನು ವಾಹನದ ಕಡೆಗಿರುತ್ತದೆ.

ವೇಗ ತಗ್ಗಿಸದೆ ಬರಿಯ ಝೀಬ್ರಾ ಪಟ್ಟಿ ಬಳಿಯುವುದು 80ರ ವೇಗದ ರಸ್ತೆಯಲ್ಲಿ ಉಪಕಾರಕ್ಕಿಂತ ಅಪಾಯವನ್ನೇ ಹೆಚ್ಚು ಮಾಡೀತು, ಏಕೆಂದರೆ ಅದು ದಾಟುವವರಿಗೆ ಧೈರ್ಯ ಕೊಡುತ್ತದೆ, ಚಾಲಕನಿಗೆ ಏನನ್ನೂ ಹೇಳುವುದಿಲ್ಲ. ಘಾನಾ ದೇಶದ ಅಕ್ರಾ–ಕುಮಾಸಿ ಹೆದ್ದಾರಿಯ ಸುಹುಮ್ ಕೂಡುರಸ್ತೆಯಲ್ಲಿ ಅಡ್ಡಲಾಗಿ, ಚಕ್ರ ಹಾದಾಗ ಗಡಗಡ ಎಂದು ಚಾಲಕನನ್ನು ಎಚ್ಚರಿಸುವ ಉಬ್ಬುಪಟ್ಟಿಗಳಾದ ರಂಬಲ್ ಸ್ಟ್ರಿಪ್‌ಗಳನ್ನು ಹಾಕಿದ ಮೇಲೆ ಅಪಘಾತಗಳು ಸುಮಾರು ಶೇ 35ರಷ್ಟೂ ಸಾವುಗಳು ಸುಮಾರು ಶೇ 55ರಷ್ಟೂ ಇಳಿದವು. ಹೆಚ್ಚು ಹಣ ಬೇಡದ ಕ್ರಮ ಅದು. ನಮ್ಮ ರಾಷ್ಟ್ರೀಯ ಹೆದ್ದಾರಿಯ ಮುಖ್ಯ ಪಥದಲ್ಲಿ ಹಂಪ್ ಹಾಕಲು ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ರಂಬಲ್ ಸ್ಟ್ರಿಪ್, ವೇಗಮಿತಿಯ ಫಲಕ, ಮಿನುಗು ದೀಪ, ಜನ ಒತ್ತಿ ಕೆಂಪು ದೀಪ ಪಡೆಯುವ ಸಿಗ್ನಲ್ ಇವುಗಳನ್ನು ಕೇಳಿ. ಸರ್ವಿಸ್ ರಸ್ತೆಗೂ ಜಿಲ್ಲಾ ರಸ್ತೆಗೂ ಹಂಪ್ ಕೇಳಬಹುದು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಅದು 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರಿನವರೇ ಒಂದು ಬುಟ್ಟಿ ಜಲ್ಲಿ ಸುರಿದು ಮಾಡಿದ, ಬಣ್ಣವಿಲ್ಲದ, ಚೂಪಾದ ದಿಬ್ಬ ರಾತ್ರಿ ಬೈಕಿನವರನ್ನು ಬೀಳಿಸುತ್ತದೆ. ಅದನ್ನು ದಯವಿಟ್ಟು ಮಾಡಬೇಡಿ.

ಡಿವೈಡರಿನಲ್ಲಿ ನಿಲ್ಲುವ ಜಾಗವನ್ನು ಕೇಳುವಾಗ ಒಂದು ಸರಳ ಪರೀಕ್ಷೆಯನ್ನು ಹೇಳಿ: ಸೈಕಲ್ ಹಿಡಿದು ನಿಂತವನ ಹಿಂದಿನ ಚಕ್ರ ರಸ್ತೆಗೆ ಚಾಚಬಾರದು. ಜೊತೆಗೆ ಬೀದಿದೀಪ, ದಾಟುವ ಜಾಗವನ್ನು ಕಳೆದ ಮೇಲೆ ಬಸ್ಸು ನಿಲ್ಲುವಂತೆ ತಂಗುದಾಣದ ಸ್ಥಳಾಂತರ, ನೋಟಕ್ಕೆ ಅಡ್ಡವಾಗಿ ನಿಲ್ಲುವ ಲಾರಿಗಳ ತೆರವು ಇವೂ ಮನವಿಯಲ್ಲಿರಲಿ. ಸ್ಕೈವಾಕ್ ಕೊಡುತ್ತೇವೆಂದರೆ, ಮಂಡಿನೋವಿನವರು ನಲವತ್ತೈವತ್ತು ಮೆಟ್ಟಿಲು ಹತ್ತುವರೇ ಎಂದು ಕೇಳಿ; ಅಂಡರ್‌ಪಾಸ್ ಕೊಡುತ್ತೇವೆಂದರೆ, ಮಳೆನೀರು ಹರಿದು ಹೋಗುವ ವ್ಯವಸ್ಥೆಯನ್ನೂ, ರಾತ್ರಿ ಒಬ್ಬ ಹೆಣ್ಣುಮಗಳು ನಿರ್ಭಯವಾಗಿ ಹಾದುಹೋಗುವಷ್ಟು ಬೆಳಕನ್ನೂ ಕೇಳಿ.

ಶಾಲೆಯ ಮುಂದಿನ ರಸ್ತೆಗೆ ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಉದಾಹರಣೆ ಒಳ್ಳೆಯ ಆಧಾರ. ಅಲ್ಲಿ ಅಮೆಂಡ್ ಎಂಬ ಸಂಸ್ಥೆ ಅಪಾಯ ಹೆಚ್ಚಿರುವ ಶಾಲೆಗಳನ್ನು ಗುರುತಿಸಿ ಕಾಲುದಾರಿ, ಹಂಪ್, ದಾಟುವ ಪಟ್ಟಿ, ತಡೆಗಂಬ, ಬೇರೆ ಗೇಟು ಇಂಥ ಚಿಕ್ಕ ಚಿಕ್ಕ ಬದಲಾವಣೆಗಳಿಂದಲೇ ಮಕ್ಕಳ ಗಾಯಗಳನ್ನು ಗಣನೀಯವಾಗಿ ಇಳಿಸಿತು. ಆ ಕೆಲಸಕ್ಕೆ 2019ರಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ (ಡಬ್ಲ್ಯುಆರ್‌ಐ) ಸಂಸ್ಥೆಯ ರಾಸ್ ಪ್ರಶಸ್ತಿ ಬಂತು.

ಹೆಜ್ಜೆ 7: ಮನವಿ ಯಾರಿಗೆ?

ಮೊದಲು ರಸ್ತೆ ಯಾರದೆಂದು ತಿಳಿಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರು ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಪಟ್ಟಣದೊಳಗೆ ಸ್ಥಳೀಯ ಸಂಸ್ಥೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯೊಂದಿಗೆ ಮನವಿಯನ್ನು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗಳಿಗೆ ಹೋಗಬೇಕು, ಏಕೆಂದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ಅವರೇ. ಎಸ್‌ಪಿ, ಆರ್‌ಟಿಒ, ಎಂಜಿನಿಯರುಗಳು ಒಂದೇ ಮೇಜಿನ ಸುತ್ತ ಸೇರುವ ಜಾಗ ಅದು. ನಿಮ್ಮ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆಯೇ ಎಂದು ಕೇಳುತ್ತಿರಿ. ಹೆದ್ದಾರಿಯಲ್ಲಿ ದೀಪ ಕೆಟ್ಟರೆ, ಬೇಲಿ ಮುರಿದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಮನವಿಯಲ್ಲಿ ಎರಡು ವಾಕ್ಯಗಳನ್ನು ಮರೆಯದೆ ಬರೆಯಿರಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಪಟ್ಟಣಗಳ ಫುಟ್‌ಪಾತ್ ವಿಷಯವಾದರೆ, ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೆಯ ವಿಧಿಯಡಿ ಜನರ ಹಕ್ಕು ಎಂದು ಸುಪ್ರೀಂ ಕೋರ್ಟ್ ಮೇ 2025ರಲ್ಲಿ ಹೇಳಿದೆ.

ಅಪಘಾತ ಆಗಿಯೇಬಿಟ್ಟರೆ

108 ಅಥವಾ 112ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಹೇಳಿ. ಗಾಯಾಳುವಿನ ಕುತ್ತಿಗೆ ತಿರುಚದಂತೆ ನೋಡಿಕೊಳ್ಳಿ, ರಕ್ತ ಸುರಿಯುವ ಕಡೆ ಬಟ್ಟೆಯಿಂದ ಒತ್ತಿ ಹಿಡಿಯಿರಿ, ನೀರು ಕುಡಿಸಬೇಡಿ. ನೆರವಾದವರು ಪೊಲೀಸರಿಗೆ ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಚಿಕಿತ್ಸೆ ಸಿಗಬೇಕು. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ; ಅರ್ಜಿಯನ್ನು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಎಷ್ಟೋ ಬಡಕುಟುಂಬಗಳಿಗೆ ಈ ಹಣದ ಸುದ್ದಿಯೇ ಗೊತ್ತಿರುವುದಿಲ್ಲ. ಎಫ್‌ಐಆರ್ ಆಗಲೇಬೇಕು, ಅದರಲ್ಲಿ ಸ್ಥಳದ ವಿವರ ‘ಊರಿನ ಹತ್ತಿರ’ ಎಂದಷ್ಟೇ ಇರದೆ ಯಾವ ಕಿಲೋಮೀಟರ್, ಯಾವ ಪಥ ಎಂದು ಸ್ಪಷ್ಟವಾಗಿರಬೇಕು. ಬರೆಯದ ಅಪಘಾತ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ಹೆಜ್ಜೆ 8: ಕೆಲಸ ಆದ ಮೇಲೆ ಮತ್ತೆ ಎಣಿಸಿ

ರಂಬಲ್ ಸ್ಟ್ರಿಪ್ ಬಿದ್ದು, ದೀಪ ಬಂದು, ಡಿವೈಡರಿನಲ್ಲಿ ನಿಲ್ಲುವ ಜಾಗ ಆದ ಒಂದು ತಿಂಗಳ ನಂತರ ಅದೇ ವೇಳೆಗೆ, ಅದೇ ಗುರುತುಗಳಲ್ಲಿ ಮತ್ತೊಂದು ವಾರ ಎಣಿಸಬೇಕು. ವೇಗ ಇಳಿಯಿತೇ, ಜನ ಹೊಸ ಜಾಗಕ್ಕೆ ಬಂದರೇ, ಇನ್ನೂ ಹಳೆಯ ಕಿಂಡಿಯಲ್ಲೇ ನುಸುಳುವವರು ಎಷ್ಟು ಮಂದಿ, ಏಕೆ ಎಂಬುದು ಆಗ ಗೊತ್ತಾಗುತ್ತದೆ. ಫಲ ಕಂಡಿದ್ದರೆ ಆ ಹಾಳೆಗಳನ್ನು ಅದೇ ಎಂಜಿನಿಯರಿಗೆ ಕೊಡಿ, ಪಕ್ಕದ ಊರಿನವರಿಗೂ ಒಂದು ಪ್ರತಿ ಕೊಡಿ. ಬಣ್ಣದ ಪಟ್ಟಿಗಳು ಲಾರಿಗಳ ಚಕ್ರಕ್ಕೆ ಸವೆಯುತ್ತವೆ, ರಂಬಲ್ ಸ್ಟ್ರಿಪ್‌ಗಳೂ ಕಾಲಕ್ರಮದಲ್ಲಿ ಸಮತಟ್ಟಾಗುತ್ತವೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಅವನ್ನು ಹೊಸದಾಗಿ ಮಾಡಿಸಲು ಜ್ಞಾಪನಾಪತ್ರ ಬರೆಯುವ ಹೊಣೆಯನ್ನು ಒಬ್ಬರ ಹೆಸರಿಗೆ ಗ್ರಾಮಸಭೆಯ ನಡಾವಳಿಯಲ್ಲೇ ಬರೆಸಿಡಿ.